ಅಪ್ಪನ ನೋಟ್‌ಬುಕ್ಕಿನ ಖಾಲಿ ಕಾಲಂ

(ನಾನು ವೃತ್ತಿ ಸಲಹೆಗಾರ್ತಿ. ನನ್ನ ಬಳಿ ಸಲಹೆಗೆ ಬಂದವರ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಮಗಳಿಗೆ 18, ಅಪ್ಪನಿಗೆ 47. ಕೂತ ಕೂಡಲೇ ಅಪ್ಪ ಚೀಲದಿಂದ ನೋಟ್‌ಬುಕ್ ತೆಗೆದು ನನ್ನ ಮುಂದೆ ಬಿಚ್ಚಿಟ್ಟರು. ಸ್ಕೇಲ್ ಹಿಡಿದು ಗೆರೆ ಹಾಕಿದ ಪುಟ. ಕೋರ್ಸಿನ ಹೆಸರು, ಅವಧಿ, ಫೀಸು, ಮುಗಿಸಿದರೆ ಯಾವ ಕೆಲಸ, ಎಲ್ಲವೂ ಇತ್ತು. ಕೊನೆಯ ಕಾಲಂನ ಹೆಸರು ‘ಎಷ್ಟು ವರ್ಷ ಬಾಳಿಕೆ?’ ಅದರ ಕೆಳಗೆ ಒಂದಕ್ಷರವೂ ಇರಲಿಲ್ಲ.

“ಇದೊಂದನ್ನು ನೀವು ತುಂಬಿಕೊಡಿ ಮೇಡಂ, ಉಳಿದದ್ದು ನಾನು ನೋಡ್ಕೋತೀನಿ.”

ಮಗಳ ಕಣ್ಣು ಐದನೆಯ ಸಾಲಿನ ಮೇಲಿತ್ತು: ಮೆಡಿಕಲ್ ಇಮೇಜಿಂಗ್. ಅವಳಿಗೆ ಬೇಕಿದ್ದದ್ದು ಅದೇ. ಅಪ್ಪ ಅದನ್ನು ಪೆನ್ಸಿಲ್‌ನಲ್ಲಿ ಹೊಡೆದುಹಾಕಿದ್ದರು. “ಸ್ಕ್ಯಾನನ್ನ ಈಗ ಎಐ ಓದುತ್ತಂತಲ್ಲ.”

ಅವರ ಕಥೆ ಕೇಳಿದೆ. 22 ವರ್ಷ ಒಂದೇ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ಬಿಲ್ ಎಂಟ್ರಿ. ಏಳು ತಿಂಗಳ ಹಿಂದೆ ಬಿಲ್ಲನ್ನು ತಾನೇ ಓದಿ ದಾಖಲಿಸುವ ಸಾಫ್ಟ್‌ವೇರ್ ಬಂತು. ಆರು ಜನರಲ್ಲಿ ಇಬ್ಬರು ಉಳಿದರು. ಇವರು ಉಳಿಯಲಿಲ್ಲ. ಅಪಾಯಿಂಟ್‌ಮೆಂಟ್ ಮಗಳ ಹೆಸರಲ್ಲಿತ್ತು, ಖಾಲಿ ಕಾಲಂ ಅಪ್ಪನದಾಗಿತ್ತು.

ಅವರ ಭಯ ಸುಳ್ಳಲ್ಲ, ಹಾಗಾಗಿ ಬರೀ ಸಮಾಧಾನ ಹೇಳಿ ಕಳಿಸಲು ನನಗೆ ಮನಸ್ಸಾಗಲಿಲ್ಲ. ವಿಶ್ವ ಆರ್ಥಿಕ ವೇದಿಕೆಯ 2025ರ ವರದಿ, 2030ರೊಳಗೆ 9.2 ಕೋಟಿ ಕೆಲಸಗಳು ಹೋಗಿ 17 ಕೋಟಿ ಹೊಸ ಕೆಲಸಗಳು ಬರುತ್ತವೆ ಎಂದು ಅಂದಾಜಿಸಿದೆ. ಕುಗ್ಗುವ ಪಟ್ಟಿಯಲ್ಲಿ ಡೇಟಾ ಎಂಟ್ರಿಯೂ ಇದೆ, ಲೆಕ್ಕ ಬರೆಯುವ ಗುಮಾಸ್ತಿಕೆಯೂ ಇದೆ. ಕೂಡಿ ಕಳೆದರೆ ಲಾಭವೇ. ಆದರೆ ಕೆಲಸ ಕಳೆದುಕೊಂಡವರಿಗೇ ಹೊಸದು ಸಿಗುತ್ತದೆಂಬ ಭರವಸೆ ಆ ಲೆಕ್ಕದಲ್ಲಿಲ್ಲ. ಇದನ್ನು ಅವರಿಗೆ ಹಾಗೇ ಹೇಳಿದೆ.

ಇನ್ನೊಂದು ಮಾತನ್ನೂ ಹೇಳಿದೆ. 2013ರಲ್ಲಿ ಆಕ್ಸ್‌ಫರ್ಡಿನ ಇಬ್ಬರು ಸಂಶೋಧಕರು, ಅಮೆರಿಕದ ಶೇ. 47ರಷ್ಟು ಉದ್ಯೋಗಗಳು ಯಂತ್ರದ ಪಾಲಾಗುವ ಅಪಾಯದಲ್ಲಿವೆ ಎಂದರು. 2016ರಲ್ಲಿ ಬಹುತೇಕ ಶ್ರೀಮಂತ ದೇಶಗಳ ಒಕ್ಕೂಟವಾದ ಒಇಸಿಡಿ ಪ್ರಕಟಿಸಿದ ಅಧ್ಯಯನಕ್ಕೆ ಸಿಕ್ಕ ಅಂಕಿ, 21 ದೇಶಗಳ ಸರಾಸರಿಯಲ್ಲಿ, ಶೇ. 9 ಮಾತ್ರ. ಮೊದಲನೆಯವರು ಇಡೀ ಉದ್ಯೋಗವನ್ನು ಒಂದೇ ಗಂಟಾಗಿ ನೋಡಿದ್ದರು. ಎರಡನೆಯವರು ಗಂಟು ಬಿಚ್ಚಿ, ಒಳಗಿನ ಒಂದೊಂದು ಕೆಲಸವನ್ನೂ ಬೇರೆಬೇರೆಯಾಗಿ ನೋಡಿದರು. ಅದೇ 2016ರಲ್ಲಿ ಎಐ ವಿಜ್ಞಾನಿ ಜೆಫ್ರಿ ಹಿಂಟನ್, ಮುಂದೆ ಭೌತಶಾಸ್ತ್ರದ ನೊಬೆಲ್ ಪಡೆದವರು, ಸ್ಕ್ಯಾನ್ ಓದುವ ವೈದ್ಯರಾದ ರೇಡಿಯಾಲಜಿಸ್ಟ್‌ಗಳಿಗೆ ತರಬೇತಿ ಕೊಡುವುದನ್ನು ಈಗಲೇ ನಿಲ್ಲಿಸಬೇಕು ಎಂದಿದ್ದರು. ಇವತ್ತಿಗೂ ಆಸ್ಪತ್ರೆಗಳು ಆ ವೈದ್ಯರನ್ನು ಹುಡುಕುತ್ತಿವೆ. ಅಷ್ಟು ತಿಳಿದವರ ಊಹೆಯೇ ತಪ್ಪಿರುವಾಗ, ಆ ಕಾಲಂ ನಾನು ತುಂಬಿದರೆ ಅದು ಸುಳ್ಳು ಬರೆದಂತೆ.

ಬದಲಿಗೆ ಇಬ್ಬರಿಗೂ ಒಂದೊಂದು ಹಾಳೆ ಕೊಟ್ಟು, ಕೆಲಸದ ಒಂದು ದಿನವನ್ನು ಬಿಡಿಬಿಡಿಯಾಗಿ ಬರೆಯಲು ಹೇಳಿದೆ.

ಮಗಳು ಅಜ್ಜಿಯ ಎಂಆರ್‌ಐ ದಿನವನ್ನು ಬರೆದಳು. ಶ್ರವಣಯಂತ್ರ ತೆಗೆಸಿದ ಮೇಲೆ ಅಜ್ಜಿಗೆ ಏನೂ ಕೇಳಿಸುತ್ತಿರಲಿಲ್ಲ. ಟೆಕ್ನಿಷಿಯನ್ ಅವರ ಅಂಗೈಗೆ ರಬ್ಬರ್ ಬಲ್ಬ್ ಕೊಟ್ಟು, ಹೆದರಿಕೆಯಾದರೆ ಹೀಗೆ ಹಿಸುಕಿ ಎಂದು ಮೂರು ಸಲ ಹಿಸುಕಿಸಿ, ಆಮೇಲೇ ಒಳಗೆ ಕಳಿಸಿದನಂತೆ. ಅಪ್ಪ ಅದನ್ನು ಎರಡು ಸಲ ಓದಿದರು.

ಅಪ್ಪನ ಹಾಳೆಯಲ್ಲಿ ಬಿಲ್ ನಂಬರ್ ಟೈಪ್ ಮಾಡುವುದು, ಆರ್ಡರ್ ಜೊತೆ ತಾಳೆ ನೋಡುವುದು ಇತ್ತು. ಮೂರನೆಯ ಸಾಲು: ‘ಒಂದೇ ಬಿಲ್ಲು ನಂಬರ್ ಬದಲಿಸಿ ಎರಡನೇ ಸಲ ಬಂದರೆ ಹಿಡಿಯುವುದು.’ ಸಾಫ್ಟ್‌ವೇರ್ ಕಿತ್ತುಕೊಂಡದ್ದು ಮುಖ್ಯವಾಗಿ ಮೊದಲ ಸಾಲನ್ನು. ಮೂರನೆಯದು ಆಡಿಟ್‌ನವರ ಕಸುಬು, ಅದು ಇವರಿಗೆ ಬರುತ್ತದೆ ಎಂದು ಈವರೆಗೆ ಯಾರೂ ಇವರಿಗೆ ಹೇಳಿರಲಿಲ್ಲ.

ಮಗಳಿಗೆ ನಾನು ಕೊಟ್ಟ ಸಲಹೆ: ಇಮೇಜಿಂಗ್‌ಗೆ ಹೋಗು. ಆದರೆ ಸೀಟು ಪಡೆಯುವ ಮೊದಲು, ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ಎಷ್ಟು ಗಂಟೆ ಕೆಲಸ ಮಾಡಿಸುತ್ತಾರೆ ಎಂದು ಕೇಳು. ಕಳೆದ ವರ್ಷ ಮುಗಿಸಿದ ಇಬ್ಬರನ್ನಾದರೂ ಹುಡುಕಿ ಮಾತಾಡು. ಎಐ ಉಪಕರಣ ಎಲ್ಲಿ ತಪ್ಪು ಮಾಡುತ್ತದೆ ಎಂಬುದನ್ನು ಓದುವಾಗಲೇ ಕಲಿ.

ಅಪ್ಪನಿಗೆ: ಎರಡು ವರ್ಷದ ಡಿಪ್ಲೊಮಾ ಬೇಡ, ಆಡಿಟ್ ಸಾಫ್ಟ್‌ವೇರಿನ ಮೂರು ತಿಂಗಳ ಕೋರ್ಸ್ ಸಾಕು. ಅರ್ಜಿಯಲ್ಲಿ ‘22 ವರ್ಷ ಅನುಭವ’ ಎಂದಷ್ಟೇ ಬರೆಯದೆ, ಹಿಡಿದ ಎರಡು ತಪ್ಪು ಬಿಲ್ಲುಗಳ ವಿಷಯ ಬರೆಯಿರಿ. ಕೂಡಿಟ್ಟದ್ದನ್ನೆಲ್ಲ ಮಗಳ ಮೊದಲ ಡಿಗ್ರಿಗೇ ಸುರಿಯಬೇಡಿ. ಅವಳೂ ಹತ್ತು ವರ್ಷದ ನಂತರ ಮತ್ತೆ ಕಲಿಯಬೇಕಾಗಬಹುದು.

ಜೀವನಪರ್ಯಂತ ಕಲಿಕೆ ಬೇಕೆಂದು ಎಡ್ಗರ್ ಫೋರ್ ನೇತೃತ್ವದ ಯುನೆಸ್ಕೋ ಶಿಕ್ಷಣ ಆಯೋಗ 1972ರಲ್ಲೇ ಹೇಳಿತ್ತು. ಹೇಳುವುದು ಸುಲಭ. ಮನೆ ನಡೆಸುವ 47ರ ಮನುಷ್ಯನಿಗೆ ಅದರ ಹಣ, ಸಮಯ ಕೊಡುವವರು ಯಾರು? ಸಿಂಗಪುರ 2015ರಲ್ಲಿ ಸ್ಕಿಲ್ಸ್‌ಫ್ಯೂಚರ್ ಎಂಬ ಯೋಜನೆ ಶುರು ಮಾಡಿ, 25 ತುಂಬಿದ ಪ್ರಜೆಗಳ ಕಲಿಕೆಗೆಂದೇ ಹಣ ಮೀಸಲಿಟ್ಟಿತು. ಅಂಥ ಏರ್ಪಾಡಿಲ್ಲದ ಕಡೆ ‘ನೀನೇ ಕಲಿತುಕೋ’ ಎನ್ನುವುದು ನನಗೆ ಅನ್ಯಾಯವೆನಿಸುತ್ತದೆ. ಈ ಕುರ್ಚಿಯಲ್ಲಿ ಕೂತು ನಾನೂ ಅದನ್ನೇ ಹೇಳಬೇಕಾಗಿ ಬರುವುದು ನೋವಿನ ಸಂಗತಿ.

ಮೂರನೆಯ ಭೇಟಿಗೆ ಅಪ್ಪ ಒಬ್ಬರೇ ಬಂದರು. ಮಗಳ ತರಗತಿ ಶುರುವಾಗಿತ್ತು. ಅವರಿಗೆ ಕೆಲಸ ಇನ್ನೂ ಸಿಕ್ಕಿಲ್ಲ, ಎರಡು ಕಡೆ ಸಂದರ್ಶನಕ್ಕೆ ಕರೆದಿದ್ದಾರೆ. ಸಂಜೆಯ ಕೋರ್ಸಿನಲ್ಲಿ ಅವರ ಪಕ್ಕ ಕೂರುವ ಹುಡುಗ ಕಂಪ್ಯೂಟರಿನಲ್ಲಿ ಬಲು ಚುರುಕಂತೆ. “ಆದರೆ ಡೆಬಿಟ್ ನೋಟ್ ಅಂದ್ರೇನು ಅಂತ ಮೊನ್ನೆ ನನ್ನನ್ನ ಕೇಳಿದ ಮೇಡಂ” ಅಂದರು. “ಅರ್ಧ ಗಂಟೆ ಕೂತು ಹೇಳಿಕೊಟ್ಟೆ.”