150 ಪಿಎಸ್‌ಐ ನೋಡಿ ಮರುಳಾಗಬೇಡಿ: ಸಪ್ ಬೋರ್ಡಿಗೆ ಯಾವ ಪಂಪ್?

ಮಾರಾಯ್ರೆ, ಆರ್ಡರ್ ಬಟನ್ ಒತ್ತುವ ಮೊದಲು ಇದನ್ನೊಮ್ಮೆ ಓದಿ. ಸಪ್ ಅಂದ್ರೆ ಗಾಳಿ ತುಂಬಿಸಿ, ನೀರಲ್ಲಿ ಮೇಲೆ ನಿಂತು ಹುಟ್ಟು ಹಾಕುವ ಬೋರ್ಡ್ (ಸ್ಟ್ಯಾಂಡ್ ಅಪ್ ಪ್ಯಾಡಲ್), ಪಿಎಸ್‌ಐ ಅಂದ್ರೆ ಗಾಳಿ ಒತ್ತಡದ ಅಳತೆ. "10 ಅಡಿ 6 ಇಂಚಿನ ಬೋರ್ಡ್ ತಗೊಂಡೆ, ಕೈಪಂಪ್ ಹೊಡೆದು ಹೊಡೆದು ಸೊಂಟ ಹೋಯ್ತು. 150 ಪಿಎಸ್‌ಐ ಟೈರ್ ಇನ್‌ಫ್ಲೇಟರ್ 1,900 ರೂಪಾಯಿಗೆ ಸಿಗ್ತಿದೆ, ಬೋರ್ಡಿಗೆ ಬೇಕಾಗಿರೋದು ಬರೀ 15, ಆರಾಮಾಗಿ ಸಾಕಲ್ವಾ?" ಅಂತ ಕೇಳಿದ್ದೀರಿ. ನಾಲ್ಕು ವರ್ಷದ ಹಿಂದೆ ನಾನೂ ಇದೇ ಲೆಕ್ಕ ಹಾಕಿದ್ದೆ. ನಿಮ್ಮ ಪ್ರಶ್ನೆಯ ಕೆಳಗೆ ಮೂವರು "ಧಾರಾಳ ಸಾಕು" ಅಂತ ಬರೆದಿದ್ದಾರೆ. ಅವರಲ್ಲಿ ಒಬ್ಬರಾದರೂ ಅದರಲ್ಲಿ ಬೋರ್ಡ್ ತುಂಬಿಸಿ ನೋಡಿದ್ದಾರಾ ಅಂತ ನನಗೆ ಡೌಟು.

ನನ್ನ ಕಥೆ ಕೇಳಿ. ಡಿಸೆಂಬರ್ ತಿಂಗಳು, ಮೂಲ್ಕಿಯಲ್ಲಿ ಶಾಂಭವಿ ನದಿ ದಡ. ಬೆಳಿಗ್ಗೆ ಆರೂವರೆ, ನೀರು ಕನ್ನಡಿಯ ಹಾಗೆ ನಿಂತಿತ್ತು. ನಾನು, ಭಾವ, ಭಾವನ ಮಗ. ಇನ್‌ಫ್ಲೇಟರಿನ ತುದಿಗೆ ಅಡಾಪ್ಟರ್ ಸಿಕ್ಕಿಸಿ ಸ್ವಿಚ್ ಹಾಕಿದೆ. ಗರ್ರ್ ಅಂತ ಶುರುವಾಯ್ತು. ಹತ್ತು ನಿಮಿಷ ಆದರೂ ಬೋರ್ಡ್ ನೆಲದ ಮೇಲೆ ದೋಸೆ ಥರ ಮಲಗಿತ್ತು. ಹದಿನೈದು ನಿಮಿಷಕ್ಕೆ ಮಷಿನ್ ತಾನಾಗಿ ನಿಂತಿತು, ಮುಟ್ಟಿದರೆ ಬಿಸಿ ಬಾಣಲೆ. ಅರ್ಧ ಗಂಟೆ ಆರಲು ಬಿಟ್ಟು ಮತ್ತೆ ಶುರು ಮಾಡಿದೆವು. ಎರಡನೇ ಸಲ ಸುಟ್ಟ ಪ್ಲಾಸ್ಟಿಕ್ ವಾಸನೆ ಬಂತು. ನೋಡಿದರೆ ಹಿತ್ತಾಳೆ ನಳಿಗೆಯ ಬಿಸಿಗೆ ಅಡಾಪ್ಟರಿನ ಕುತ್ತಿಗೆ ಮೆತ್ತಗಾಗಿ ಓರೆಯಾಗಿದೆ. ಬಿಚ್ಚಲು ಹೋಗಿ ಹೆಬ್ಬೆರಳಿಗೆ ಬೊಬ್ಬೆ. ಮರುವಾಯಿ (ಚಿಪ್ಪುಮೀನು) ಹೆಕ್ಕಲು ಬಂದಿದ್ದ ಒಬ್ಬರು ಅಜ್ಜ ಅಷ್ಟೂ ಹೊತ್ತು ನೋಡಿ, "ಎಂತದು, ಹಾಸಿಗೆಯಾ?" ಅಂತ ಕೇಳಿ ಹೋದರು. ಕೈಪಂಪ್ ಮನೆಯಲ್ಲೇ ಬಿಟ್ಟು ಬಂದಿದ್ದೆ, ಅದೊಂದು ಪ್ರತ್ಯೇಕ ದಡ್ಡತನ. ಕೊನೆಗೆ 8 ಪಿಎಸ್‌ಐಗೆ ಬಂದಾಗ ಒಂಬತ್ತು ಗಂಟೆ. ಗಾಳಿ ಎದ್ದಿತ್ತು. ಭಾವ ಹತ್ತಿ ನಿಂತರು, ಬೋರ್ಡ್ ನಡುವಲ್ಲಿ ಬಾಳೆಹಣ್ಣಿನ ಹಾಗೆ ಬಾಗಿತು.

ಯಾಕೆ ಹೀಗಾಯ್ತು ಅಂದ್ರೆ, ಡಬ್ಬಿ ಮೇಲಿನ ಪಿಎಸ್‌ಐ ಬರೀ ಎಷ್ಟು ಒತ್ತಬಲ್ಲದು ಅನ್ನೋದನ್ನು ಹೇಳುತ್ತದೆ. ನಿಮಿಷಕ್ಕೆ ಎಷ್ಟು ಲೀಟರ್ ಗಾಳಿ ತಳ್ಳುತ್ತದೆ ಅನ್ನೋದೇ ಬೇರೆ. ನಿಮ್ಮ ಬೋರ್ಡು 32 ಇಂಚು ಅಗಲ, 6 ಇಂಚು ದಪ್ಪದ್ದಾದರೆ ಒಳಗಿನ ಜಾಗ ಸುಮಾರು 300 ಲೀಟರ್. ಬರೀ ಆಕಾರ ತುಂಬೋದಕ್ಕೆ 300 ಲೀಟರ್ ಗಾಳಿ, 15 ಪಿಎಸ್‌ಐಗೆ ಬಿಗಿ ಮಾಡೋದಕ್ಕೆ ಹತ್ತಿರ ಹತ್ತಿರ ಇನ್ನೊಂದು 300. ಒಟ್ಟು 600. ಸಣ್ಣ ಕಾರಿನ ಟೈರು ಪೂರ್ತಿ ಖಾಲಿಯಿದ್ದರೂ 33ಕ್ಕೆ ತರಲು 60-65 ಲೀಟರ್ ಸಾಕು. ಅಂದ್ರೆ ಒಂದು ಬೋರ್ಡು ಅಂದರೆ ಒಂಬತ್ತು ಹತ್ತು ಖಾಲಿ ಟೈರು! ಸಣ್ಣ ಇನ್‌ಫ್ಲೇಟರುಗಳು ನಿಮಿಷಕ್ಕೆ 25ರಿಂದ 35 ಲೀಟರ್ ಕೊಡುತ್ತವೆ, ಅದೂ ಎದುರು ಒತ್ತಡ ಇಲ್ಲದಾಗ. ಒತ್ತಡ ಏರಿದ ಹಾಗೆ ಅದೂ ಇಳಿಯುತ್ತದೆ. ಜೊತೆಗೆ ಅವನ್ನು ಮಾಡಿರೋದೇ ಹತ್ತು ಹದಿನೈದು ನಿಮಿಷ ಓಡಿ ಸುಸ್ತಾಗಿ ಮಲಗೋದಕ್ಕೆ.

ಇನ್ನೊಬ್ಬರು ಗಾಳಿ ಹಾಸಿಗೆಯ ಪಂಪ್ ಹೇಳಿದ್ದಾರೆ. ಅದು ಇದರ ಉಲ್ಟಾ. ಒಂದೆರಡು ನಿಮಿಷಕ್ಕೆ ಬೋರ್ಡ್ ಉಬ್ಬಿ ನಿಲ್ಲುತ್ತದೆ, ಆದರೆ 1 ಪಿಎಸ್‌ಐ ಕೂಡ ದಾಟಲ್ಲ. ಇಂಟೆಕ್ಸಿನ ಕ್ವಿಕ್‌ಫಿಲ್ ಥರದವು ಹಾಸಿಗೆಗೆ, ಮಕ್ಕಳ ಈಜುಕೊಳಕ್ಕೆ ಚೆನ್ನ. ತೀರಾ ಕೈ ಬಿಗಿ ಇದ್ದರೆ ಅದರಲ್ಲಿ ಉಬ್ಬಿಸಿ, ಉಳಿದಿದ್ದನ್ನು ಕೈಪಂಪಲ್ಲಿ ಹೊಡೆಯಬಹುದು. ಆದರೆ ಸೊಂಟ ಮುರಿಯುವುದು ಆ ಉಳಿದಿದ್ದರಲ್ಲೇ.

ಬೇಕಾಗಿರೋದು ಸಪ್‌ಗೆ ಅಂತಲೇ ಮಾಡಿದ ಎರಡು ಹಂತದ ಪಂಪ್. ಮೊದಲ ಹಂತದಲ್ಲಿ ಫ್ಯಾನು, ನಿಮಿಷಕ್ಕೆ 300 ಲೀಟರ್ ಮೇಲೆ. ಬೋರ್ಡ್ ಉಬ್ಬಿದ ಕೂಡಲೇ ಪಿಸ್ಟನ್‌ಗೆ ಬದಲಾಗುತ್ತದೆ, ನಿಮಿಷಕ್ಕೆ 70 ಲೀಟರಿನ ಆಸುಪಾಸು. ಹೇರ್ ಡ್ರೈಯರ್ ಥರ ಇದ್ದ ಸದ್ದು ಒಮ್ಮೆಲೇ ಟಕಟಕ ಅನ್ನೋಕೆ ಶುರುವಾಗುತ್ತದೆ. ಹೆದರಬೇಡಿ, ಹಾಳಾಗಿದ್ದಲ್ಲ. ನನ್ನ ಗೆಳೆಯರೊಬ್ಬರು ಆ ಸದ್ದಿಗೆ ಗಾಬರಿಯಾಗಿ ಪ್ರತಿ ಸಲ ಆಫ್ ಮಾಡುತ್ತಿದ್ದರು, ಆಮೇಲೆ "ಪಂಪ್ ಸರಿಯಿಲ್ಲ, 1 ದಾಟ್ತಾನೇ ಇಲ್ಲ" ಅಂತ ವಾಪಸ್ ಕಳಿಸಲು ಹೊರಟಿದ್ದರು! ಒಂದು ಬೋರ್ಡಿಗೆ ಎಂಟು ಹತ್ತು ನಿಮಿಷ ಹಿಡಿದರೆ ಆ ಪಂಪ್ ಸರಿ ಇದೆ ಅಂತ ಲೆಕ್ಕ. ಆದಷ್ಟು ಡಬ್ಬಿ ಮೇಲೆ 20 ಪಿಎಸ್‌ಐ ಅಂತ ಇರೋದನ್ನೇ ತಗೊಳ್ಳಿ. 20 ಹಾಕೋದಕ್ಕಲ್ಲ, 15ರಲ್ಲಿ ಏದುಸಿರು ಬಿಡದೆ ಇರೋದಕ್ಕೆ.

ಬ್ರ್ಯಾಂಡ್ ಕೇಳಿದರೆ, ನಾನು ಬಳಸೋದು ಔಟ್‌ಡೋರ್‌ಮಾಸ್ಟರ್ ಶಾರ್ಕ್ 2. ಸದ್ದು ಜಾಸ್ತಿ, ದಡದಲ್ಲಿರುವ ನಾಯಿಗಳೆಲ್ಲ ಎದ್ದು ಬರುತ್ತವೆ. ಆದರೆ ಕೆಲಸ ಗಟ್ಟಿ. ಇಟಲಿಯ ಬ್ರಾವೊ ಕೂಡ ಒಳ್ಳೆಯದು, ಆದರೆ ಅದರಲ್ಲಿ ಮಾಡೆಲ್ ನೋಡಿ ತಗೊಳ್ಳಿ. ಬಿಟಿಪಿ ಅನ್ನೋದು 1 ಬಾರ್, ಅಂದರೆ 14.5 ಪಿಎಸ್‌ಐ ತನಕ ಹೋಗುತ್ತದೆ. ಬಿಎಸ್‌ಟಿ 800 ಮಿಲಿಬಾರಿಗೇ ನಿಲ್ಲುತ್ತದೆ, ಅಂದರೆ 11.6. ಅದು ಬೋರ್ಡಿಗೆ ಕಡಿಮೆ ಆಯ್ತು. ಇನ್ನು ಆನ್‌ಲೈನಲ್ಲಿ ಒಂದೇ ಅಚ್ಚಿನ ಪಂಪಿಗೆ ಹತ್ತು ಸ್ಟಿಕರ್ ಹಾಕಿ ಮಾರುತ್ತಾರೆ. ಅಂಥದ್ದು ತಗೊಳ್ಳೋದೇ ಆದರೆ ಸ್ಟಿಕರ್ ಬಿಟ್ಟು ಹೋಸ್ ನೋಡಿ. ತೆಳು ಹೋಸ್ ಬಿಸಿಗೆ ಮೆತ್ತಗಾಗಿ ಬುಡದಲ್ಲೇ ಕಳಚಿಕೊಳ್ಳುತ್ತದೆ.

ಈಗ ಕರೆಂಟಿನ ವಿಷಯ. ಇಲ್ಲೇ ಅರ್ಧ ಜನ ಎಡವೋದು. ಕಾರಿನ 12 ವೋಲ್ಟ್ ಸಾಕೆಟ್ ಮುಚ್ಚಳ ತೆಗೆದು ನೋಡಿ, ಹೆಚ್ಚಿನ ಗಾಡಿಗಳಲ್ಲಿ 120 ವ್ಯಾಟ್ ಅಂತ ಬರೆದಿರುತ್ತದೆ. ಅಂದರೆ 10 ಆಂಪಿಯರ್. ಪಂಪ್ ಶುರುವಲ್ಲಿ ಅಷ್ಟರೊಳಗೇ ಇದ್ದರೂ 13-14 ಪಿಎಸ್‌ಐ ಹೊತ್ತಿಗೆ 12 ಆಂಪಿಯರ್ ತನಕ ಎಳೆಯಬಹುದು. ಫ್ಯೂಸ್ ಹೋಗುವುದು ಸರಿಯಾಗಿ ಆಗಲೇ. ನನಗೆ ಹೋಗಿದ್ದು ಎರಡನೇ ಬೋರ್ಡಿನಲ್ಲಿ. ಆಮೇಲೆ ಶಿರಾಡಿ ಘಾಟಿ ಹತ್ತುವಾಗ ಫೋನ್ ಚಾರ್ಜೂ ಇಲ್ಲ, ಮ್ಯಾಪೂ ಇಲ್ಲ. ಬಿಡಿ ಫ್ಯೂಸ್ ಎರಡು ಇಟ್ಟುಕೊಳ್ಳಿ, ಅದೇ ಆಂಪಿಯರಿನದ್ದು. ಹೋದ ತಿಂಗಳು ಇಲ್ಲೇ ಒಬ್ಬರು "30 ಆಂಪಿಯರ್ ಹಾಕಿದೆ, ಈಗ ಸಮಸ್ಯೆನೇ ಇಲ್ಲ" ಅಂತ ಹೆಮ್ಮೆಯಿಂದ ಬರೆದಿದ್ದರು. ಸ್ವಾಮೀ, ಫ್ಯೂಸ್ ಇರೋದೇ ವೈರ್ ಸುಡಬಾರದು ಅಂತ. ಈಗ ಫ್ಯೂಸ್ ಉಳಿಯುತ್ತದೆ, ಡ್ಯಾಶ್‌ಬೋರ್ಡ್ ಒಳಗಿನ ವೈರ್ ಸುಡುತ್ತದೆ.

ಸರಿಯಾದ ದಾರಿ ಅಂದ್ರೆ ಬಾನೆಟ್ ಎತ್ತಿ ಬ್ಯಾಟರಿಗೇ ಕ್ಲಿಪ್ ಹಾಕೋದು. ಕ್ರೊಕೊಡೈಲ್ ಕ್ಲಿಪ್ ಇರುವ, ನಡುವೆ 15 ಆಂಪಿಯರ್ ಫ್ಯೂಸ್ ಇರುವ ವೈರ್ ಸಿಗುತ್ತದೆ. ಕೆಂಪು ಮೊದಲು ಪ್ಲಸ್‌ಗೆ, ಕಪ್ಪು ಆಮೇಲೆ. ದಪ್ಪ ವೈರ್ ಇರಲಿ. ತೆಳು ಎಕ್ಸ್‌ಟೆನ್ಷನ್ ಎಳೆದರೆ ವೋಲ್ಟೇಜ್ ದಾರಿಯಲ್ಲೇ ಬಿದ್ದುಹೋಗಿ ಪಂಪ್ ಮುಲುಗುತ್ತದೆ. ಇಂಜಿನ್ ಆನ್ ಇಟ್ಟರೆ 14 ವೋಲ್ಟ್ ಹತ್ತಿರ ಸಿಗುತ್ತದೆ, ಪಂಪ್ ಚುರುಕಾಗಿ ಓಡುತ್ತದೆ. ಆದರೆ ಶೆಡ್ ಒಳಗೆ, ಬಾಗಿಲು ಹಾಕಿದ ಕಡೆ ಇಂಜಿನ್ ಆನ್ ಇಟ್ಟು ಈ ಕೆಲಸ ಮಾಡಲೇಬೇಡಿ. ಸ್ಕೂಟರ್ ಬ್ಯಾಟರಿಯಿಂದ ಆಗುತ್ತಾ ಅಂತ ಯಾರೋ ಕೇಳಿದ್ದರು. ಆಗಲ್ಲ. ತಳ್ಳಿಕೊಂಡು ಮನೆಗೆ ಹೋಗುವ ಆಸೆ ಇದ್ದರೆ ಮಾಡಿ.

ಬ್ಯಾಟರಿ ಒಳಗೇ ಇರುವ ಪಂಪ್ ಅನುಕೂಲ ಹೌದು, ಕಾರು ದೂರ ನಿಲ್ಲಿಸಿ ನಡೆದು ಹೋಗುವ ಕಡೆ ಅದೇ ಸರಿ. ಆದರೆ ಒಂದು ಚಾರ್ಜಿಗೆ ಒಂದು ಬೋರ್ಡು, ಹೆಚ್ಚೆಂದರೆ ಎರಡು. ಏಪ್ರಿಲ್ ಬಿಸಿಲಲ್ಲಿ ಡಿಕ್ಕಿಯೊಳಗೆ ಬಿಟ್ಟರೆ ಬ್ಯಾಟರಿ ಆಯಸ್ಸು ಮುಗೀತು. ವಿಮಾನದಲ್ಲಿ ಒಯ್ಯುವವರು ಬ್ಯಾಟರಿಯ ವ್ಯಾಟ್-ಅವರ್ (ಎಷ್ಟು ಶಕ್ತಿ ಹಿಡಿಯುತ್ತದೆ ಅನ್ನೋ ಅಂಕಿ) ನೋಡಿ. 100 ದಾಟಿದರೆ ಏರ್‌ಲೈನಿನ ಅನುಮತಿ ಬೇಕು. ನೀವು ಬೆಂಗಳೂರಿನಿಂದ ಕಾರಿನಲ್ಲೇ ಬರುವವರು, ವೈರಿನ ಪಂಪೇ ಸಾಕು. ಬ್ಯಾಟರಿಗೆ ಕೊಡುವ ದುಡ್ಡಲ್ಲಿ ಒಳ್ಳೆಯ ಲೈಫ್ ಜಾಕೆಟ್ ಬರುತ್ತದೆ.

ಈಗ ನನ್ನ ಚಾ ವಿಧಾನ. ಮನೆಯವರು ನಗುತ್ತಾರೆ, ನಗಲಿ. ಪಂಪನ್ನು 12 ಪಿಎಸ್‌ಐಗೆ ಸೆಟ್ ಮಾಡಿ, ನೆರಳಲ್ಲಿ ತುಂಬಿಸುತ್ತೇನೆ. 12ಕ್ಕೆ ನಿಂತ ಮೇಲೆ ಹೋಸ್ ಬಿಚ್ಚಿ, ಮುಚ್ಚಳ ಹಾಕಿ, ಬೋರ್ಡನ್ನು ನೀರಿಗೆ ಇಳಿಸಿ ಮರಕ್ಕೆ ಕಟ್ಟುತ್ತೇನೆ. ಆಮೇಲೆ ಫ್ಲಾಸ್ಕಿನ ಚಾ, ಎರಡು ಗೋಳಿಬಜೆ, ಒಂದು ಹದಿನೈದು ನಿಮಿಷ. ಪಿಸ್ಟನ್ ತಳ್ಳಿದ ಗಾಳಿ ಬಿಸಿಯಾಗಿರುತ್ತದೆ. ನೀರಲ್ಲಿ ತಣಿದಾಗ ಒತ್ತಡ ಇಳಿಯುತ್ತದೆ. ಬಿಸಿಯಲ್ಲಿ 15 ತೋರಿಸಿದ್ದು ನದಿಯ ನಡುವೆ ಹೋದಾಗ 14ಕ್ಕೆ ಬಂದಿರುತ್ತದೆ, ಆಗ "ಲೀಕ್ ಉಂಟು" ಅಂತ ತಲೆ ಕೆಡಿಸಿಕೊಳ್ಳುವವರು ಎಷ್ಟು ಜನ! ಹಾಗಾಗಿ ತಣಿದ ಮೇಲೆ ದಡಕ್ಕೆ ಎಳೆದು, ವಾಲ್ವ್ ಒರೆಸಿ, ಮತ್ತೆ 15ಕ್ಕೆ. ಅಷ್ಟರಲ್ಲಿ ಪಂಪೂ ತಣಿದಿರುತ್ತದೆ. ಕೊನೆಯ ಮೂರು ಪಿಎಸ್‌ಐ ತಣ್ಣಗಿನ ಪಂಪಲ್ಲಿ ಹೊಡೆದರೆ ಪಿಸ್ಟನ್ ರಿಂಗ್ ಬಾಳಿಕೆ ಬರುತ್ತದೆ ಅಂತ ನನ್ನ ನಂಬಿಕೆ. ಮೂರು ಬೋರ್ಡ್ ಇದ್ದರೆ ಮೂರನ್ನೂ ಒಂದರ ಹಿಂದೆ ಒಂದು ತುಂಬಿಸಬೇಡಿ, ಎರಡಾದ ಮೇಲೆ ಚಾ ಕುಡಿಯಿರಿ. 20 ನಿಮಿಷಕ್ಕಿಂತ ಜಾಸ್ತಿ ಒಂದೇ ಸಮ ಓಡಿಸಬೇಡಿ ಅಂತ ಇಂಥ ಪಂಪುಗಳ ಜೊತೆ ಬರುವ ಚೀಟಿಯಲ್ಲೂ ಬರೆದಿರುತ್ತದೆ, ಯಾರೂ ಓದಲ್ಲ ಅಷ್ಟೆ.

ಎಲ್ಲರಿಗೂ 15 ಬೇಕು ಅಂತಲೂ ಇಲ್ಲ. 60 ಕೆಜಿಯವರಿಗೆ 12-13 ಸಾಕು. 90 ಕೆಜಿ ಇದ್ದರೆ 15 ಬೇಕೇ ಬೇಕು. ವಾಲ್ವ್ ಪಕ್ಕದಲ್ಲಿ ಬರೆದಿರುವ ಗರಿಷ್ಠ ಅಂಕಿ ಮಾತ್ರ ದಾಟಬೇಡಿ. ತುಂಬಿಸಿದ ಬೋರ್ಡನ್ನು ಬಿಸಿಲಿಗೆ ಬಿಟ್ಟು ಊಟಕ್ಕೆ ಹೋಗುವವರೇ, 25 ಡಿಗ್ರಿಯಲ್ಲಿ 15 ಇದ್ದದ್ದು ಒಳಗಿನ ಗಾಳಿ 50 ಡಿಗ್ರಿ ಆದಾಗ ಹದಿನೇಳೂವರೆ ಆಗುತ್ತದೆ. ಕಾರಿನ ಮೇಲೆ ತುಂಬಿದ ಬೋರ್ಡ್ ಕಟ್ಟಿಕೊಂಡು ಘಾಟಿ ಹತ್ತುವವರಿಗೆ ಇನ್ನೊಂದು ಮಾತು. ಬೆಂಗಳೂರಿನ ಎತ್ತರದಲ್ಲಿ ಹೊರಗಿನ ಒತ್ತಡವೇ ಕಡಿಮೆ, ಗೇಜಿನಲ್ಲಿ ಇನ್ನೂ ಒಂದೂವರೆ ಏರುತ್ತದೆ. ಹೊರಡುವ ಮೊದಲು ಸ್ವಲ್ಪ ಗಾಳಿ ಬಿಡಿ.

ಪಂಪನ್ನು ಹೊಯಿಗೆ (ಮರಳು) ಮೇಲೆ ಇಡಬೇಡಿ, ದಯವಿಟ್ಟು. ಅದು ಅಡಿಯಿಂದ, ಪಕ್ಕದಿಂದ ಗಾಳಿ ಎಳೆಯುತ್ತದೆ. ಒಂದು ಚಿಟಿಕೆ ಹೊಯಿಗೆ ಒಳಗೆ ಹೋದರೆ ಪಿಸ್ಟನ್ ಗೀಚಿ ಹೋಗುತ್ತದೆ. ಬೋರ್ಡಿನ ಬ್ಯಾಗನ್ನೇ ಹಾಸಿ ಅದರ ಮೇಲಿಡಿ. ವಾಲ್ವಿನ ಬಾಯಿಗೂ ಅಷ್ಟೇ, ಹೋಸ್ ಸಿಕ್ಕಿಸುವ ಮೊದಲು ಒಮ್ಮೆ ಊದಿ. ವಾಲ್ವಿನ ನಡುವಿನ ಪಿನ್ ಮೇಲೆ ಎದ್ದಿರಬೇಕು. ಒತ್ತಿ ತಿರುಗಿಸಿ ಕೆಳಗೆ ಕೂರಿಸಿದ್ದರೆ ಹೋಸ್ ತೆಗೆದ ಕ್ಷಣ ಅಷ್ಟೂ ಗಾಳಿ ಬುಸ್ಸೆಂದು ಹೋಗುತ್ತದೆ, ಭಾವನ ಮಗನನ್ನು ಕೇಳಿ. ಪಿನ್ ಸರಿ ಇದ್ದೂ ಹೋಸ್ ತೆಗೆಯುವಾಗ ಒಮ್ಮೆ ಟುಸ್ ಅಂದರೆ ಅದು ಹೋಸಿನೊಳಗಿನ ಗಾಳಿ, ಬೋರ್ಡಿನದ್ದಲ್ಲ. ಪಂಪ್ ಓಡುತ್ತಲೇ ಇದೆ, ಅಂಕಿ ಏರುತ್ತಿಲ್ಲ ಅಂದರೆ ಮೊದಲು ಅಡಾಪ್ಟರ್ ಒಳಗಿನ ರಬ್ಬರ್ ವಾಷರ್ ನೋಡಿ. ಹತ್ತಕ್ಕೆ ಎಂಟು ಸಲ ಅದೇ ಬಿದ್ದುಹೋಗಿರುತ್ತದೆ. ಅದೂ ಇದ್ದರೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತಾ ನೋಡಿ. ವಾಲ್ವ್ ಸುತ್ತ ಬಂದರೆ ಬೋರ್ಡಿನ ಜೊತೆ ಬರುವ ವಾಲ್ವ್ ಸ್ಪ್ಯಾನರಿನಿಂದ ಕಾಲು ಸುತ್ತು ಬಿಗಿ ಮಾಡಿ.

ಮನೆಯಲ್ಲಿ ಗಾಳಿ ತುಂಬಿಸುವ ಕಯಾಕ್ ಕೂಡ ಇದ್ದರೆ ಜೋಪಾನ. ಸಾದಾ ಕಯಾಕ್ ಕೊಳವೆಗಳಿಗೆ 1ರಿಂದ 3 ಪಿಎಸ್‌ಐ ಅಷ್ಟೇ. ನಿನ್ನೆ ಬೋರ್ಡಿಗೆ ಸೆಟ್ ಮಾಡಿದ 15 ಹಾಗೇ ಇದ್ದು ಇವತ್ತು ಕಯಾಕಿಗೆ ಸಿಕ್ಕಿಸಿದರೆ ಹೊಲಿಗೆ ಬಿರಿಯುತ್ತದೆ. ಪ್ರತಿ ಸಲ ಅಂಕಿ ನೋಡಿ ಸ್ಟಾರ್ಟ್ ಒತ್ತಿ.

ಕೈಪಂಪ್ ಮಾತ್ರ ಮಾರಬೇಡಿ. ಡಿಕ್ಕಿಯಲ್ಲಿ ಇರಲಿ. ಗಾಳಿ ತೆಗೆಯುವಾಗ ಎಲೆಕ್ಟ್ರಿಕ್ ಪಂಪಿನ ಎಳೆಯುವ ಬಾಯಿ ಬಳಸಿದರೆ ಬೋರ್ಡ್ ಚಪ್ಪಟೆಯಾಗಿ ಸುರುಳಿ ಚಿಕ್ಕದಾಗುತ್ತದೆ. ಆದರೆ ಮೊದಲು ಪಿನ್ ಒತ್ತಿ ಪೂರ್ತಿ ಬುಸುಗುಟ್ಟಲು ಬಿಡಿ, ವಾಲ್ವ್ ಒದ್ದೆ ಇದ್ದರೆ ಒರೆಸಿ, ಇಲ್ಲದಿದ್ದರೆ ಉಪ್ಪುನೀರು ಪಂಪಿಗೆ ಹೋಗುತ್ತದೆ. ಮನೆಗೆ ಬಂದ ಮೇಲೆ ಸಿಹಿನೀರಲ್ಲಿ ತೊಳೆದು ಒಣಗಿಸಿ ಸುತ್ತಿಡಿ. ಮಳೆಗಾಲಕ್ಕೆ ಒದ್ದೆ ಬೋರ್ಡ್ ಬ್ಯಾಗಲ್ಲಿ ಬಿಟ್ಟರೆ ಸೆಪ್ಟೆಂಬರಲ್ಲಿ ತೆರೆದಾಗ ಬೂಸ್ಟು.

ನೀವು ಸಸಿಹಿತ್ಲು ಕಡೆ ಹೋಗುತ್ತೇನೆ ಅಂದಿದ್ದೀರಿ. ಅಲ್ಲಿ ಶಾಂಭವಿ, ನಂದಿನಿ ಸೇರಿ ಕಡಲಿಗೆ ಬೀಳುತ್ತವೆ. ಇಳಿತದ ಹೊತ್ತಲ್ಲಿ ಅಳಿವೆ ಬಾಗಿಲ ಹತ್ತಿರ ಹೋಗಲೇಬೇಡಿ, ನೀರು ಸೀದಾ ಹೊರಗೆ ಎಳೆಯುತ್ತದೆ. ಪಂಪ್ ಬೇಗ ಇದ್ದರೆ ಬೆಳಗಿನ ಗಾಳಿ ಇಲ್ಲದ ಹೊತ್ತು ಸಿಗುತ್ತದೆ, ಅದೇ ದೊಡ್ಡ ಲಾಭ.

ಆ 1,900ರ ಇನ್‌ಫ್ಲೇಟರ್ ಬೇಕಾದರೆ ತಗೊಳ್ಳಿ, ಆದರೆ ಟೈರಿಗೆ. ನನ್ನದು ಈಗಲೂ ಸ್ಟೆಪ್ನಿ ಪಕ್ಕದಲ್ಲಿ ಉಂಟು, ಟೈರಿಗೆ ಚಿನ್ನದಂಥ ಮಷಿನ್. ಬೋರ್ಡಿನ ವಾಲ್ವ್ ಮುಚ್ಚಳ ತೆಗೆದು ಒಂದು ಫೋಟೋ ಹಾಕಿ, ಯಾವ ಅಡಾಪ್ಟರ್ ಬೇಕು ಅಂತ ನೋಡಿ ಹೇಳುತ್ತೇನೆ.