ಗಡಿಯ ಹಳ್ಳಿಗಳಲ್ಲಿ ವಂಶಾವಳಿ ಹುಡುಕುವುದು ಹೇಗೆ

ಅಜ್ಜನ ಊರು ಮಹಾರಾಷ್ಟ್ರದ ಗಡಿಯೊಳಗಿನ ಜತ್ತ ತಾಲೂಕಿನಲ್ಲಿದೆ, ಮನೆಯಲ್ಲಿ ಆಡುವುದು ಕನ್ನಡ, ಟ್ರಂಕಿನಲ್ಲಿ ಸಿಕ್ಕ ಕಾಗದವೆಲ್ಲ ಮರಾಠಿ. ಹಾಗಾದರೆ ನಮ್ಮವರು ಮೂಲದಲ್ಲಿ ಯಾರು ಎಂದು ಕೇಳಿದ್ದೀರಿ. ಬೆಂಗಳೂರು, ಮೈಸೂರು ಕಡೆಯವರಿಗೆಲ್ಲ ಮೊದಲು ಏಳುವ ಪ್ರಶ್ನೆ ಇದೇ. ಕಾಗದದ ಭಾಷೆ ನೋಡಿ ಮನೆತನದ ಮೂಲ ಹೇಳಲು ಬರುವುದಿಲ್ಲ. ಕಂದಾಯ ವಸೂಲಿ ಮಾಡುವವರು ಯಾವ ಭಾಷೆಯಲ್ಲಿ ಬರೆಯುತ್ತಿದ್ದರೋ ಆ ಭಾಷೆಯಲ್ಲಿ ನಿಮ್ಮ ಅಜ್ಜನ ಹೆಸರು ಬಿದ್ದಿರುತ್ತದೆ, ಅಷ್ಟೇ. ನಮ್ಮ ಕಡೆ ಜನ ಕೂತಲ್ಲೇ ಕೂತಿದ್ದರೂ ಅವರ ಮೇಲಿನ ಕಚೇರಿ ನಾಲ್ಕು ಸಲ ಬದಲಾಗಿದೆ. ಆದ್ದರಿಂದ ಹೆಸರು ಹುಡುಕುವ ಮೊದಲು ಊರಿನ ಜಾತಕ ಬರೆಯಬೇಕು: ಯಾವ ವರ್ಷ ಯಾರ ಆಡಳಿತ, ಯಾವ ಜಿಲ್ಲೆ, ಯಾವ ತಾಲೂಕು.

ಬೆಳಗಾವಿ, ವಿಜಯಪುರ, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯದಲ್ಲಿದ್ದವು. ಆ ದಿನ ಇವು ಮೈಸೂರು ರಾಜ್ಯಕ್ಕೆ ಬಂದವು; ಬೆಳಗಾವಿ ಜಿಲ್ಲೆಯ ಚಂದಗಡ ತಾಲೂಕು ಮಾತ್ರ ಆಚೆ, ಅಂದರೆ ಇಂದಿನ ಮಹಾರಾಷ್ಟ್ರದ ಕಡೆ ಉಳಿಯಿತು, ಈಗ ಕೊಲ್ಹಾಪುರ ಜಿಲ್ಲೆಯಲ್ಲಿದೆ. ಚಂದಗಡದ ಮನೆತನದವರು ಅದಕ್ಕಿಂತ ಹಿಂದಿನ ಕಾಗದಕ್ಕೆ ಬೆಳಗಾವಿಯ ಕಡೆಗೂ ನೋಡಬೇಕಾಗುತ್ತದೆ. ಇದು ಬ್ರಿಟಿಷ್ ಸೀಮೆಯ ಲೆಕ್ಕ. ಸಂಸ್ಥಾನಗಳದು ಬೇರೆಯೇ ಲೆಕ್ಕ. ರಾಯಬಾಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಇವತ್ತು ಬೆಳಗಾವಿ ಪಟ್ಟಣದ ಒಳಗೇ ಇರುವ ಶಹಾಪುರ, ಅತ್ತ ತೇರದಾಳ, ರಬಕವಿ ಸಾಂಗಲಿ ಸಂಸ್ಥಾನದ ಪಟವರ್ಧನರಿಗೆ ಸೇರಿದ್ದವು. ಜತ್ತ, ಅಕ್ಕಲಕೋಟೆ, ಜಮಖಂಡಿ, ಮುಧೋಳ, ರಾಮದುರ್ಗ ಒಂದೊಂದೂ ಸ್ವತಂತ್ರ ಸಂಸ್ಥಾನ; 1948ರ ಮಾರ್ಚ್‌ನಲ್ಲಿ ಮುಂಬಯಿ ಪ್ರಾಂತಕ್ಕೆ ವಿಲೀನವಾದವು, ಕೊಲ್ಹಾಪುರ 1949ರ ಮಾರ್ಚ್‌ನಲ್ಲಿ. ಪೂರ್ವಕ್ಕೆ ಉಮರ್ಗಾ, ಆಳಂದದ ಕಡೆ ಹೋದರೆ ನಿಜಾಮರ ಸೀಮೆ. ಅಲ್ಲಿ ಹಳೆಯ ಕಾಗದ ಉರ್ದುವಿನಲ್ಲಿರುತ್ತದೆ. ಹೀಗೆ ಪಕ್ಕಪಕ್ಕದ ಎರಡು ಹಳ್ಳಿಗಳ ಕಾಗದಗಳು ನೂರು ಮೈಲಿ ದೂರದ ಎರಡು ಕಚೇರಿಗಳಲ್ಲಿ ಕೂತಿರಬಹುದು. ನಿಮ್ಮ ಊರಿನ ಜೊತೆಗೆ ಅಜ್ಜಿಯ ತವರಿನ ಜಾತಕವನ್ನೂ ಬರೆದಿಟ್ಟುಕೊಳ್ಳಿ.

ಇನ್ನು ಹೆಸರು. ಮರಾಠಿ ಕಾರಕೂನ ಬರೆದಾಗ ಬಡಿಗೇರ ಸುತಾರ ಆಗುತ್ತಾನೆ, ಕಮ್ಮಾರ ಲೋಹಾರ, ಗಾಣಿಗೇರ ತೇಲಿ, ಕುರುಬ ಧನಗರ, ಬಣಜಿಗ ವಾಣಿ, ಗೌಡ ಪಾಟೀಲ. ಅದೇ ಮನುಷ್ಯ, ಅದೇ ಹೊಲ. ಮನೆಯವರು ಮುಂದೆ ಒಂದು ಅಡ್ಡಹೆಸರು ಹಿಡಿದರೆ ಕಾಕಾನ ಮಕ್ಕಳು ಇನ್ನೊಂದು ಹಿಡಿದಿರುತ್ತಾರೆ. ಬೇರೆ ಊರಿಗೆ ಹೋಗಿ ನೆಲೆಸಿದ ಅಣ್ಣತಮ್ಮಂದಿರು ಊರ ಹೆಸರಿಗೆ ‘ಕರ’ ಹಚ್ಚಿಕೊಂಡಿರುತ್ತಾರೆ. ಅಡ್ಡಹೆಸರು ಹಿಡಿದು ಹುಡುಕಿದರೆ ಅರ್ಧ ಮನೆತನ ತಪ್ಪಿಹೋಗುತ್ತದೆ. ಅಡ್ಡಹೆಸರಿಗಿಂತ ಮನೆದೇವರು ಮತ್ತು ಬೆಡಗು, ಅಂದರೆ ಕುಲದೊಳಗಿನ ಬಳಿ, ಗಟ್ಟಿ, ಯಾಕೆಂದರೆ ಮದುವೆ ಮಾತುಕತೆಯಲ್ಲಿ ಅವು ಪ್ರತಿ ತಲೆಮಾರಿಗೂ ಮತ್ತೆ ಪರೀಕ್ಷೆಗೆ ಬರುತ್ತವೆ. ಇನ್ನೊಂದು ತೊಡಕೆಂದರೆ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿ. ಬಸಪ್ಪ ಬಿನ್ ಮಲ್ಲಪ್ಪ, ಮಲ್ಲಪ್ಪ ಬಿನ್ ಬಸಪ್ಪ, ಮತ್ತೆ ಬಸಪ್ಪ ಬಿನ್ ಮಲ್ಲಪ್ಪ. ವರ್ಷ ಬರೆಯದೆ ಹೆಸರು ಮಾತ್ರ ಬರೆದುಕೊಂಡವರು ಅಜ್ಜನನ್ನೂ ಮೊಮ್ಮಗನನ್ನೂ ಒಬ್ಬನನ್ನಾಗಿ ಮಾಡಿಬಿಡುತ್ತಾರೆ.

ಕೈಗೆ ಬೇಗ ಸಿಗುವುದು ಹೊಲದ ಕಾಗದ. ನಮ್ಮ ಕಡೆ ಪಹಣಿಗೆ ಉತಾರ ಎನ್ನುತ್ತಾರೆ, ಆಚೆ ಕಡೆ ಸಾತಬಾರಾ. ಉತಾರದಲ್ಲಿ ಇವತ್ತಿನ ಮಾಲೀಕನ ಹೆಸರಿಗಿಂತ ಆ ಹೆಸರಿನ ಜೊತೆಗಿರುವ ಫೇರಫಾರ (ಹಕ್ಕು ಬದಲಾವಣೆ) ನಂಬರು ನಿಮಗೆ ಮುಖ್ಯ. ಆ ನಂಬರು ಹಿಡಿದು ಫೇರಫಾರ ರಿಜಿಸ್ಟರಿನ ನಕಲು ತೆಗೆಸಿ. ಈಚೆ ಕಡೆ ತಹಶೀಲ್ದಾರ ಕಚೇರಿಯ ರಿಕಾರ್ಡ್ ರೂಮಿನಲ್ಲಿ ಅರ್ಜಿ ಕೊಡುವಾಗ ‘ವಾರಸಾ ವರ್ದಿ’ (ವಾರಸುದಾರರ ಹೆಸರಿಗೆ ಬದಲಾದ ನಮೂದು), ‘ವಾಟ್ನಿ ವರ್ದಿ’ (ಪಾಲಾದ ನಮೂದು) ಎಂದು ಕೇಳಿದರೆ ಬೇಗ ತಿಳಿಯುತ್ತದೆ. ಅರ್ಜಿಯಲ್ಲಿ ಊರು, ಸರ್ವೆ ನಂಬರು, ಹಿಸ್ಸೆ, ವರ್ದಿ ನಂಬರು, ಅಂದಾಜು ವರ್ಷ ಐದೂ ಇರಲಿ. ‘ನಮ್ಮ ಅಜ್ಜನ ಹಳೇ ಕಾಗದ ಕೊಡ್ರಿ’ ಎಂದರೆ ಯಾರೂ ಎದ್ದು ಹುಡುಕುವುದಿಲ್ಲ. ವಾರಸಾ ವರ್ದಿಯಲ್ಲಿ ಸತ್ತವನ ಹೆಸರು, ಸತ್ತ ದಿನ, ಹೆಂಡತಿ, ಮಕ್ಕಳು, ಎಷ್ಟೋ ಸಲ ಅವರ ವಯಸ್ಸು ಕೂಡ ಬರೆದಿರುತ್ತದೆ. ಒಂದು ವರ್ದಿಯಿಂದ ಹಿಂದಿನ ವರ್ದಿಗೆ, ಅಲ್ಲಿಂದ ಅದರ ಹಿಂದಿನದಕ್ಕೆ ನಡೆದರೆ, ಬ್ರಿಟಿಷ್ ಸೀಮೆಯ ಹಳ್ಳಿಯಲ್ಲಿ ಹಕ್ಕು ದಾಖಲೆಯ 1903ರ ಕಾಯ್ದೆಯ ಕಾಲದ ತನಕ, ಅಂದರೆ ಸುಮಾರು ನಾಲ್ಕು ತಲೆಮಾರು ಹೋಗಬಹುದು.

ಇಲ್ಲಿ ಎಡವುವ ಜಾಗಗಳಿವೆ. ಹೆಸರಿನ ಮುಂದೆ ‘ಎ.ಕು.ಮ್ಯಾ.’ ಎಂದಿದ್ದರೆ ಅವನು ಏಕತ್ರ ಕುಟುಂಬದ ಮ್ಯಾನೇಜರ್. ತಮ್ಮಂದಿರು ಇದ್ದಾರೆ, ಹೆಸರು ಬರೆದಿಲ್ಲ ಎಂದರ್ಥ. ಅದನ್ನು ನೋಡದೆ ಒಬ್ಬನೇ ಮಗ ಎಂದು ಬರೆದುಕೊಂಡರೆ ವಂಶದ ಎರಡು ಮೂರು ಟೊಂಗೆ ಅಲ್ಲೇ ಕಡಿದು ಬೀಳುತ್ತವೆ. ‘ಅ.ಪಾ.ಕ.’ ಎಂದಿದ್ದರೆ ಮುಂದಿನ ಹೆಸರು ಅಪ್ರಾಪ್ತನ ಪಾಲಕನದು, ಹೆಚ್ಚಾಗಿ ತಾಯಿಯದು. ತಂದೆ ಅದಕ್ಕೂ ಮೊದಲೇ ಸತ್ತಿದ್ದಾನೆ ಎಂಬ ಸುಳಿವು ಅದರಲ್ಲಿದೆ. ಕಂಸದೊಳಗಿನ ಹೆಸರು ಹಕ್ಕು ಹೋದವರದು. ಹೆಣ್ಣುಮಕ್ಕಳನ್ನು ಮಾಲೀಕರ ಸಾಲಿನಲ್ಲಿ ಹುಡುಕಿ ಸಿಗಲಿಲ್ಲವೆಂದು ಬಿಡಬೇಡಿ. ಅಕ್ಕತಂಗಿಯರು, ವಿಧವೆಯರು ‘ಇತರ ಹಕ್ಕು’ ಎಂಬ ಕಾಲಮ್ಮಿನ ಮೂಲೆಯಲ್ಲಿ ಕೂತಿರುತ್ತಾರೆ. ಮದುವೆಯಾದ ಮೇಲೆ ಹೆಣ್ಣುಮಗಳ ಹೆಸರನ್ನೇ ಬದಲಿಸುವ ರೂಢಿ ಗಡಿಯ ಅನೇಕ ಮನೆತನಗಳಲ್ಲಿದೆ, ಹಾಗಾಗಿ ತವರಿನ ಹೆಸರು ಗಂಡನ ಮನೆಯ ಯಾವ ಕಾಗದದಲ್ಲೂ ಸಿಗುವುದಿಲ್ಲ. ಅದಕ್ಕೆ ತವರೂರಿನ ವಾರಸಾ ವರ್ದಿಯೇ ಬೇಕು. ಮಹಾರಾಷ್ಟ್ರದ ಬದಿಯಲ್ಲಿ ಇನ್ನೊಂದು ಗೋಜಲಿದೆ: ತುಂಡು ಹೊಲಗಳನ್ನು ಒಂದುಗೂಡಿಸಿದ ಏಕತ್ರೀಕರಣ ಯೋಜನೆಯಲ್ಲಿ ಸರ್ವೆ ನಂಬರು ಹೋಗಿ ಗಟ್ ನಂಬರು ಬಂದಿದೆ. ಹಳೆಯ ನಂಬರಿಗೆ ಯಾವ ಗಟ್ ಎಂದು ತೋರಿಸುವ ಉತಾರ ಸಿಗುವವರೆಗೆ ಹಿಂದಕ್ಕೆ ಒಂದು ಹೆಜ್ಜೆಯೂ ಇಡಲಾಗದು.

ಜನನ ಮರಣಕ್ಕೆ ಆಚೆ ಕಡೆ ಕೋತವಾಲ ಬುಕ್ ಎಂದು ಕೇಳಬೇಕು, ಅದು ಹಳ್ಳಿಯ ಜನನ ಮರಣದ ಪುಸ್ತಕ, ಗಾಂವ ನಮುನೆ 14. ಹುಟ್ಟಿದ ಕೂಸಿಗೆ ಹೆಸರಿರುವುದಿಲ್ಲ. ತಂದೆಯ ಹೆಸರು, ಜಾತಿ, ಗಂಡೋ ಹೆಣ್ಣೋ ಅಷ್ಟೇ. ಮರಣದಲ್ಲಿ ರೋಗವನ್ನೂ ಬರೆದಿರುತ್ತಾರೆ. 1918ರ ಇನ್ಫ್ಲುಯೆಂಜಾ ತಿಂಗಳುಗಳಲ್ಲಿ ಒಂದೇ ಮನೆಯ ಮೂರು ನಾಲ್ಕು ಸಾವು ಸಾಲಾಗಿ ಬಂದರೆ ಬರಹಗಾರನ ತಪ್ಪೆಂದು ತಿಳಿಯಬೇಡಿ. ಶಾಲೆಯ ಜನರಲ್ ರಿಜಿಸ್ಟರ್ ಕೂಡ ಒಳ್ಳೆಯದೇ, ಆದರೆ ಜೂನ್ 1 ಎಂಬ ಹುಟ್ಟಿದ ದಿನವನ್ನು ನಂಬಬೇಡಿ. ಅದು ಹೆಡ್‌ಮಾಸ್ತರರು ಕೊಟ್ಟ ದಿನ.

ಮರಾಠಿಯನ್ನು ಹಿಂದೆ ಬರೆಯುತ್ತಿದ್ದ ಕೂಡುಬರಹದ ಮೋಡಿ ಅಕ್ಷರ ಕಂಡ ಕೂಡಲೇ ಹೆಚ್ಚಿನವರು ಕಾಗದ ಮಡಚಿಟ್ಟುಬಿಡುತ್ತಾರೆ. ಪೂರ್ತಿ ಓದಲು ಕಲಿಯುವುದು ವರ್ಷಗಟ್ಟಲೆಯ ಕೆಲಸ, ನಿಜ. ಪದಗಳ ನಡುವೆ ಬಿಡುವಿಲ್ಲ, ಹ್ರಸ್ವ ದೀರ್ಘದ ಲಕ್ಷ್ಯವಿಲ್ಲ, ಮೊದಲು ಅಡ್ಡಗೆರೆ ಎಳೆದು ಅದಕ್ಕೆ ಅಕ್ಷರ ತೂಗುಹಾಕಿದ್ದಾರೆ. ಆದರೆ ನಿಮಗೆ ಬೇಕಾದುದು ನಾಲ್ಕು ಗುರುತು ಮಾತ್ರ: ಊರಿನ ಮುಂದೆ ಬರುವ ‘ಮೌಜೆ’, ಮಗ ಎನ್ನಲು ‘ಬಿನ್’, ಹೆಂಡತಿ ಎನ್ನಲು ‘ಕೋಮ’, ಮುಸಲ್ಮಾನರ ಹೆಸರಿಗೆ ‘ವಲದ’. ಇವು ಕಣ್ಣಿಗೆ ಪಳಗಿದರೆ ಯಾವ ಹಾಳೆಯನ್ನು ಮೋಡಿ ಬಲ್ಲವರ ಬಳಿ ಒಯ್ಯಬೇಕು, ಯಾವುದು ಬರೀ ಸಾಲದ ಚೀಟಿ ಎಂದು ನೀವೇ ಬೇರ್ಪಡಿಸಬಹುದು. ಅಂಕಿಗಳಲ್ಲಿ ಮರಾಠಿ ಒಂದು ಮತ್ತು ಒಂಬತ್ತು ಕೈಬರಹದಲ್ಲಿ ಅವಳಿಜವಳಿ; ಅನುಮಾನ ಬಂದರೆ ಅದೇ ಕೈಯ ಇನ್ನೊಂದು ಸಾಲಿಗೆ ಹೋಲಿಸಿ.

ಹಳೆಯ ಕಾಗದದಲ್ಲಿ ಶಕೆ, ಫಸಲಿ, ಸುಹೂರ ಸನ್ ಎಂಬ ಬೇರೆ ಬೇರೆ ವರ್ಷದ ಎಣಿಕೆಗಳಿರುತ್ತವೆ, ಅವನ್ನು ಇಸವಿಗೆ ತರುವ ಲೆಕ್ಕ ಹೀಗಿದೆ. ಶಕೆಗೆ 78 ಕೂಡಿಸಿ, ಜನವರಿಯಿಂದ ಯುಗಾದಿಯೊಳಗಿನದಾದರೆ 79. ಫಸಲಿಗೆ 590, ಸುಹೂರ ಸನ್ನಿಗೆ 599. ಎರಡೂ ಮಳೆಗಾಲದ ಆರಂಭಕ್ಕೆ ಶುರುವಾಗುವ ವರ್ಷಗಳಾದ್ದರಿಂದ ಜನವರಿಯಿಂದ ಮುಂದಿನ ಮಳೆಗಾಲದೊಳಗಿನ ತಿಂಗಳಿಗೆ ಒಂದು ಹೆಚ್ಚು. ಸುಹೂರ ಸನ್ನು ಅರಬ್ಬಿ ಸಂಖ್ಯೆಯ ಮಾತುಗಳಲ್ಲಿರುತ್ತದೆ: ‘ಅರ್ಬಾ ಸಬೈನ ಮಯಾ ವ ಅಲಫ’ ಎಂದರೆ ನಾಲ್ಕು, ಎಪ್ಪತ್ತು, ನೂರು, ಸಾವಿರ, ಅಂದರೆ 1174, ಇಸವಿಯಲ್ಲಿ 1773-74. ಕೊಲ್ಹಾಪುರದ ಕಾಗದದಲ್ಲಿ ರಾಜ್ಯಾಭಿಷೇಕ ಶಕವೂ ಕಂಡೀತು, ಅದು 1674ರಿಂದ ಎಣಿಕೆ. ಮೂಲದಲ್ಲಿ ಇದ್ದ ತೇದಿಯನ್ನು ಇದ್ದ ಹಾಗೆಯೇ ಬರೆದು, ಪಕ್ಕದಲ್ಲಿ ಇಸವಿ ಹಾಕಿ. ಬರೀ ಇಸವಿ ಬರೆದಿಟ್ಟರೆ ಮುಂದೆ ತಪ್ಪು ತಿದ್ದಲು ದಾರಿಯೇ ಇರುವುದಿಲ್ಲ. 1818ಕ್ಕಿಂತ ಹಿಂದಿನ ವತನ (ವಂಶದ ಹುದ್ದೆ), ಇನಾಮಿನ ಕಾಗದಕ್ಕೆ ಪುಣೆಯ ಪೇಶವೆ ದಫ್ತರ, ಕೊಲ್ಹಾಪುರ ಸಂಸ್ಥಾನದ್ದಕ್ಕೆ ಅಲ್ಲಿಯ ಪುರಾಭಿಲೇಖಾಗಾರ, ಅಂದರೆ ಹಳೆಯ ದಾಖಲೆಗಳ ಕಚೇರಿ. ಮನೆಯಲ್ಲಿ ಗೌಡಕಿ, ಕುಲಕರ್ಣಿಕಿ, ದೇಸಗತಿ ಇಲ್ಲದಿದ್ದರೆ ಅಲ್ಲಿಗೆ ಹೋಗಿ ದಣಿಯಬೇಡಿ. 2023ರಲ್ಲಿ ಮಹಾರಾಷ್ಟ್ರ ಸರಕಾರ ಮರಾಠಾ ಮೀಸಲಾತಿಯ ಸಲುವಾಗಿ ‘ಕುಣಬಿ’ ಎಂಬ ಜಾತಿಯ ಹೆಸರಿರುವ ದಾಖಲೆ ಹುಡುಕಿಸಲು ಹೊರಟ ಮೇಲೆ ಎಷ್ಟೋ ಕೋತವಾಲ ಬುಕ್, ಮೋಡಿ ಹಾಳೆಗಳು ಸ್ಕ್ಯಾನ್ ಆಗಿ ಜಿಲ್ಲಾ ತಾಣಗಳಿಗೆ ಏರಿವೆ. ಅವರು ಹುಡುಕಿದ್ದು ಒಂದು ನಮೂದನ್ನು, ಆದರೆ ಅದೇ ಪುಟದಲ್ಲಿ ಊರಿನ ಉಳಿದವರೂ ಇರುತ್ತಾರೆ.

ಕಾಗದ ಮುಗಿದಲ್ಲಿಂದ ಮುಂದೆ ಹೆಳವರು, ಮನೆಮನೆಗೆ ಬಂದು ವಂಶಾವಳಿ ಹಾಡಿ ಹೇಳುವವರು. ಅವರನ್ನು ಹಳೇ ಮೈಸೂರಿನ ಕಡೆಯೂ ಬಲ್ಲರು; ಆಚೆ ಕಡೆ ಹೆಳವಿ ಎನ್ನುತ್ತಾರೆ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಗಂಟೆ ಬಾರಿಸುತ್ತ ಬರುತ್ತಿದ್ದವರು, ಈಗ ಎಷ್ಟೋ ಮಂದಿ ಬೈಕಿನಲ್ಲಿ ಬರುತ್ತಾರೆ. ಒಂದೊಂದು ಹೆಳವ ಮನೆತನಕ್ಕೆ ಇಂತಿಂಥ ಒಕ್ಕಲು ಎಂದು ವಂಶಪಾರಂಪರ್ಯದ ಹಕ್ಕು ಇದೆ, ಹಾಗಾಗಿ ಯಾರೋ ಒಬ್ಬ ಹೆಳವನನ್ನು ಹಿಡಿದರೆ ಆಗದು. ನಿಮ್ಮ ಬೆಡಗಿನವರ ಹೆಳವನೇ ಬೇಕು. ಊರಿನಲ್ಲಿ ಉಳಿದ ಅಣ್ಣತಮ್ಮಂದಿರ ಮನೆಯಲ್ಲಿ ಕೇಳಿ: ‘ನಮ್ಮ ಹೆಳವ ಯಾವೂರಾಂವ? ಹ್ವಾದ ಸಲ ಯಾವಾಗ ಬಂದಿದ್ದ?’ ಅವನ ಫೋನ್ ನಂಬರು ಸಾಮಾನ್ಯವಾಗಿ ಹಿರಿಯ ಸೊಸೆಯ ಬಳಿ ಇರುತ್ತದೆ, ಯಾಕೆಂದರೆ ಕಾಳುಕಡಿ ಕೊಟ್ಟು ಕಳಿಸುವವಳು ಅವಳೇ.

ಅವನು ಬಂದಾಗ ನಿಮಗೆ ಗೊತ್ತಿರುವುದನ್ನು ಮೊದಲು ಹೇಳಬೇಡಿ. ಹೇಳಿದರೆ ಅದೇ ಹೆಸರುಗಳು ರಾಗವಾಗಿ ನಿಮಗೆ ಮರಳಿ ಬರುತ್ತವೆ. ಅಪ್ಪಣೆ ಕೇಳಿ ಫೋನಿನಲ್ಲಿ ಧ್ವನಿ ಹಿಡಿಯಿರಿ, ನಡುವೆ ತಡೆಯದೆ ಪೂರ್ತಿ ಹೇಳಲು ಬಿಡಿ. ಮಧ್ಯ ನಿಲ್ಲಿಸಿದರೆ ಪಾಠ ತಪ್ಪುತ್ತದೆ. ಮುಗಿದ ಮೇಲೆ ಪುಸ್ತಕದ ಆ ಪುಟ ನೋಡಲು ಕೇಳಿ. ಹಳೆಯದಾಗಿ ತಾಮ್ರದ ತಗಡು, ತಾಳೆಗರಿ ಇದ್ದವು. ಈಗ ಇರುವುದು ಹೆಚ್ಚಾಗಿ ಹಳೆಯ ಪುಸ್ತಕದ ನಕಲಿನ ನಕಲು, ಹಾಗಾಗಿ ಯಾವಾಗ ನಕಲು ಮಾಡಿದ್ದು, ಯಾರು ಬರೆದದ್ದು ಎಂದೂ ಕೇಳಬೇಕು. ಕೆಲವರು ಫೋಟೊ ತೆಗೆಯಲು ಬಿಡುವುದಿಲ್ಲ. ಪುಸ್ತಕವೇ ಅವರ ಹೊಲ, ಅದನ್ನು ಪುಕ್ಕಟೆ ಕೊಡುವುದಿಲ್ಲ; ಒತ್ತಾಯ ಮಾಡಬೇಡಿ. ಕಾಳು, ಬಟ್ಟೆ, ರೊಕ್ಕ ಏನು ರೂಢಿಯಿದೆಯೋ ಅದನ್ನು ಊರಿನವರನ್ನು ಕೇಳಿ ಕೊಡಿ.

ಅವನು ಹೇಳಿದ್ದರಲ್ಲಿ ಯಾವುದನ್ನು ಎಷ್ಟು ನಂಬಬೇಕು? ಮೂಲ ಊರು, ಮನೆದೇವರು, ಅಣ್ಣತಮ್ಮಂದಿರು ಒಡೆದು ಯಾವ ಯಾವ ಊರಿಗೆ ಹೋದರು ಎಂಬುದು ಬಹಳ ಸಲ ಸರಿ ಬರುತ್ತದೆ, ವರ್ದಿಯ ಜೊತೆ ತಾಳೆ ನೋಡಬಹುದು. ಇಸವಿ ಇರುವುದಿಲ್ಲ. ಹೆಣ್ಣುಮಕ್ಕಳ ಹೆಸರು ಅಪರೂಪ. ದತ್ತಕ ಬಂದವನು ಹೆತ್ತ ಮಗನ ಸಾಲಿನಲ್ಲೇ ಇರುತ್ತಾನೆ, ಮಕ್ಕಳಿಲ್ಲದೆ ಸತ್ತವರು ಬಿಟ್ಟುಹೋಗಿರುತ್ತಾರೆ. ಎಲ್ಲಕ್ಕೂ ಹಿಂದೆ ಬರುವ ರಾಜರು, ಋಷಿಗಳು ಹೊಗಳಿಕೆಯ ಭಾಗ. ಧ್ವನಿಯಲ್ಲಿ ಉಳಿಯಲಿ, ವಂಶವೃಕ್ಷಕ್ಕೆ ಏರಿಸಬೇಡಿ.

ಯಾತ್ರಾ ಕ್ಷೇತ್ರದ ಉಪಾಧ್ಯರ (ಪುರೋಹಿತರ) ವಹಿಗಳೂ ಇವೆ. ಪಂಢರಪುರ, ನಾಸಿಕ, ತ್ರ್ಯಂಬಕೇಶ್ವರಕ್ಕೆ ಹೋದ ಹಿರಿಯರು ಅಲ್ಲಿ ತಮ್ಮ ಹೆಸರು, ತಂದೆ ಅಜ್ಜಂದಿರ ಹೆಸರು ಬರೆಸಿರುತ್ತಿದ್ದರು, ಕೆಲವರು ಸಹಿಯನ್ನೂ ಹಾಕಿದ್ದಾರೆ. ಅಲ್ಲಿ ಹಳೆಯ ಪ್ರಾಂತ, ಊರು ಹೇಳಬೇಕು. ಇವತ್ತಿನ ಜಿಲ್ಲೆ ಹೇಳಿದರೆ ಬೇರೆ ಉಪಾಧ್ಯರ ಮನೆಗೆ ಕಳಿಸುತ್ತಾರೆ. ಊರಿನ ಜಾತಕ ಇಲ್ಲೂ ಕೆಲಸಕ್ಕೆ ಬರುತ್ತದೆ.

ಸಿಕ್ಕ ಕಾಗದವನ್ನು ಕಾಪಾಡುವ ವಿಷಯ. ಲ್ಯಾಮಿನೇಶನ್ ಮಾಡಿಸಬೇಡಿ, ಬಿಸಿಗೆ ಮತ್ತು ಅಂಟಿಗೆ ಹಳೆಯ ಕಾಗದ ಹಾಳಾಗುತ್ತದೆ, ಬಿಡಿಸಲೂ ಬರುವುದಿಲ್ಲ. ಹರಿದಲ್ಲಿ ಪಾರದರ್ಶಕ ಟೇಪ್ ಹಚ್ಚಬೇಡಿ, ಕೆಲವು ವರ್ಷಕ್ಕೆ ಹಳದಿ ಕಲೆ ಬಿಟ್ಟು ತಾನು ಉದುರುತ್ತದೆ. ಪಿನ್ನು, ಸ್ಟೇಪಲ್ ತೆಗೆಯಿರಿ, ತುಕ್ಕು ಅಕ್ಷರ ತಿನ್ನುತ್ತದೆ. ಮಡಿಕೆ ಗಟ್ಟಿಯಾಗಿದ್ದರೆ ಬಿಸಿಲಲ್ಲಿ ಬಿಡಿಸಬೇಡಿ. ಮಳೆಗಾಲದ ತಂಪು ಹವೆಯಲ್ಲಿ ಒಂದು ದಿನ ಬಿಟ್ಟರೆ ತಾನೇ ಮೆತ್ತಗಾಗುತ್ತದೆ. ಹಳಬರು ಬಸ್ತಾ ಕಟ್ಟುತ್ತಿದ್ದುದು, ಅಂದರೆ ಕಾಗದವನ್ನು ಬಟ್ಟೆಯಲ್ಲಿ ಗಂಟು ಕಟ್ಟಿಡುತ್ತಿದ್ದುದು, ಸರಿಯಾಗಿಯೇ ಇತ್ತು, ಕೆಂಪು ಬಟ್ಟೆಯ ಬಣ್ಣ ಬಿಡುವುದೊಂದೇ ತೊಂದರೆ. ಬಣ್ಣ ಹಾಕದ, ತೊಳೆದು ಒಣಗಿಸಿದ ಹತ್ತಿ ಬಟ್ಟೆ ಸಾಕು. ತಾಳೆಗರಿ ಇದ್ದರೆ ಒಣಗಿ ಬಿರಿಯದಂತೆ ಸಿಟ್ರೊನೆಲಾ ಎಣ್ಣೆಯನ್ನು ಹತ್ತಿಯಿಂದ ತೆಳುವಾಗಿ ಸವರುತ್ತಾರೆ, ಕಾಗದಕ್ಕೆ ಅದನ್ನು ಮುಟ್ಟಿಸಬಾರದು. ಸ್ಕ್ಯಾನಿಗೆ ಕಾಗದ 300 ಡಿಪಿಐ, ಸಣ್ಣ ಫೋಟೊ 600. ಹಿಂಬದಿಯನ್ನೂ ಸ್ಕ್ಯಾನ್ ಮಾಡಿ, ಸ್ಟ್ಯಾಂಪು ಮಾರಿದವನ ತೇದಿ, ಊರು ಅಲ್ಲಿರುತ್ತದೆ.

ಫೈಲಿಗೆ ಹೆಸರು ಕೊಡುವಾಗ ವರ್ಷ, ಊರು, ಕಾಗದದ ಬಗೆ, ಮುಖ್ಯ ಹೆಸರು ಈ ಕ್ರಮ ಇಟ್ಟುಕೊಂಡರೆ ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. ಒಂದು ಪ್ರತಿ ನಿಮ್ಮಲ್ಲಿ, ಒಂದು ಬೇರೆ ಊರಿನ ಅಣ್ಣತಮ್ಮಂದಿರಲ್ಲಿ ಇರಲಿ. ಹೊಲದ ತಕರಾರು ನಡೆದಿರುವ ಮನೆಯಾದರೆ ಮೊದಲೇ ಹೇಳಿಬಿಡಿ, ನಾವು ಹೆಸರಿಗೆ ಬಂದವರು, ಪಾಲಿಗಲ್ಲ ಎಂದು. ಆ ಮಾತು ಬರುವವರೆಗೆ ಟ್ರಂಕಿನ ಕೀಲಿ ಯಾರಿಗೂ ಸಿಗುವುದಿಲ್ಲ.