ಅಮೆರಿಕದ ಅಂತರ್ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವಳ ತವರುಮನೆ ಹುಡುಕುವುದು ಹೇಗೆ?

ನಿಮ್ಮ ಅಮೆರಿಕದ ಸೊಸೆಯ ಪೂರ್ವಜೆಯೊಬ್ಬಳ ಹೆಸರು ಮೇರಿ, ರಾಜ್ಯ ಓಹಾಯೊ, ಗಂಡ ಯೂನಿಯನ್ (ಉತ್ತರದ ರಾಜ್ಯಗಳ) ಸೈನ್ಯದಲ್ಲಿದ್ದು ಯುದ್ಧದಲ್ಲೇ ತೀರಿಕೊಂಡ. ಅವನ ಹೆಸರು ಗೊತ್ತು, ಅವಳ ತವರಿನ ಮನೆತನ ಗೊತ್ತಿಲ್ಲ ಅಂದಿದ್ದೀರಿ. ಇಂಥವರ ವಿಷಯದಲ್ಲಿ ಎಲ್ಲರೂ ಮೊದಲು ಜನಗಣತಿಗೆ ಕೈ ಹಾಕುತ್ತಾರೆ. ನಾನಾದರೆ ವಿಧವಾ ಪಿಂಚಣಿಯ ಕಡತದಿಂದ ಶುರು ಮಾಡುತ್ತೇನೆ.

1862ರ ಜುಲೈ 14ರ ಕಾಯ್ದೆಯಡಿ ಪಿಂಚಣಿ ಬೇಕಾದ ವಿಧವೆ ಮದುವೆಗೂ ಮಕ್ಕಳ ಜನನಕ್ಕೂ ಪುರಾವೆ ಕೊಡಬೇಕಿತ್ತು. ದಾಖಲೆ ಇಲ್ಲದವರು ಮನೆಯ ಬೈಬಲ್ಲಿನಲ್ಲಿ ಹುಟ್ಟು-ಮದುವೆ ಬರೆದಿಟ್ಟ ಹಾಳೆಯನ್ನೇ ಕಿತ್ತು ಕಳಿಸಿದ್ದುಂಟು. ವಂಶಾವಳಿ ಹುಡುಕುವ ಫ್ಯಾಮಿಲಿಸರ್ಚ್ ಎಂಬ ಜಾಲತಾಣದಲ್ಲಿ ಪಿಂಚಣಿ ಸೂಚಿ ಉಚಿತ. ಗಂಡನ ಹೆಸರಿನ ಕಾರ್ಡಿನಲ್ಲಿ ರೆಜಿಮೆಂಟನ್ನೂ ವಿಧವೆಯ ಅರ್ಜಿ ಸಂಖ್ಯೆಯನ್ನೂ ಬರೆದುಕೊಂಡು ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರಕ್ಕೆ ಕೋರಿಕೆ ಕಳಿಸಿ. ಆಯ್ದ ಪುಟ ಸಾಲದು, ಪೂರ್ತಿ ಕಡತ ಕೇಳಿ: ಸಾಕ್ಷಿಗಳ ಅಫಿಡವಿಟ್ಟುಗಳೇ ಮುಖ್ಯ. "ಅವಳನ್ನು ಚಿಕ್ಕಂದಿನಿಂದ ಬಲ್ಲೆ" ಎಂದು ಸಹಿ ಹಾಕಿದವನು ಎಷ್ಟೋ ಸಲ ಅಣ್ಣನೋ ಭಾವನೋ ಆಗಿರುತ್ತಾನೆ. ಅವಳು ಮರುಮದುವೆಯಾಗಿದ್ದರೆ ಪಿಂಚಣಿ ನಿಂತು, ಮಕ್ಕಳ ಪರವಾಗಿ ಪೋಷಕರು ಅರ್ಜಿ ಹಾಕಿರಬಹುದು. ಸೂಚಿಯಲ್ಲಿ "ಮೈನರ್" ಎಂಬ ಸಾಲನ್ನೂ ನೋಡಿ.

ಆಮೇಲೆ ಕೌಂಟಿ (ಅಲ್ಲಿನ ಜಿಲ್ಲೆ) ಕೋರ್ಟಿನ ಮದುವೆ ರಿಜಿಸ್ಟರು. ಇಲ್ಲಿ ಜನ ಎಡವುವುದು ಹೆಚ್ಚು. ವಧುವಿನ ಹೆಸರಿನ ಮುಂದಿರುವುದು ತವರಿನದೇ ಆಗಬೇಕೆಂದಿಲ್ಲ, ಮೊದಲ ಗಂಡನ ಮನೆತನದ ಹೆಸರೂ ಆಗಿರಬಹುದು. "ಮಿಸೆಸ್" ಎಂದಿದ್ದರಂತೂ ಖಂಡಿತ ಅನುಮಾನಿಸಿ.

ಜನಗಣತಿ ಈಗ ಉಪಯೋಗಕ್ಕೆ ಬರುತ್ತದೆ. 1840ರವರೆಗೆ ಮನೆಯ ಯಜಮಾನನ ಹೆಸರು ಮಾತ್ರ. 1850ರಿಂದ ಸ್ವತಂತ್ರರಾಗಿದ್ದ, ಅಂದರೆ ಗುಲಾಮರಲ್ಲದ, ಎಲ್ಲರ ಹೆಸರೂ ಇದೆ, ಆದರೆ ಯಾರು ಯಾರಿಗೆ ಏನಾಗಬೇಕು ಎಂದು ಬರೆದಿದ್ದು 1880ರಿಂದ. 1870ರಲ್ಲಿ ಅವಳು ಬೇರೆ ಮನೆತನದ ಮುದುಕರ ಜೊತೆಗಿದ್ದರೆ ಅವರು ಅಪ್ಪ-ಅಮ್ಮ ಇರಬಹುದು, ಮನೆಗೆಲಸಕ್ಕಿಟ್ಟುಕೊಂಡವರೂ ಇರಬಹುದು. 1890ರದ್ದು 1921ರ ಬೆಂಕಿಯಿಂದಾಗಿ ಬಹುತೇಕ ಇಲ್ಲವಾಗಿದೆ, ಅಲ್ಲಿ ಸಮಯ ಕಳೆಯಬೇಡಿ. 1900ರಲ್ಲಿ ಹುಟ್ಟಿದ ತಿಂಗಳು-ವರ್ಷ, ಹೆತ್ತ ಮಕ್ಕಳೆಷ್ಟು, ಉಳಿದವರೆಷ್ಟು ಎಲ್ಲ ಸಿಗುತ್ತದೆ.

ಓಹಾಯೊದಲ್ಲಿ ರಾಜ್ಯಮಟ್ಟದ ಮರಣಪತ್ರ ಬಂದಿದ್ದು 1908ರ ಡಿಸೆಂಬರಿನಲ್ಲಿ. ಆನಂತರ ತೀರಿಕೊಂಡ ಅವಳ ಮಕ್ಕಳ ಪತ್ರಗಳಲ್ಲಿ ತಾಯಿಯ ತವರಿನ ಹೆಸರಿಗೆ ಜಾಗವಿದೆ. ಮಾಹಿತಿ ಕೊಟ್ಟವನು ಅಳಿಯನೋ ಮೊಮ್ಮಗನೋ ಆಗಿದ್ದರೆ ಊಹೆಯಿಂದ ಹೇಳಿರಬಹುದು. ಹಾಗಾಗಿ ಇಬ್ಬರು ಮೂವರು ಮಕ್ಕಳದ್ದನ್ನು ತಾಳೆ ನೋಡಿ.

ಹೆಸರು ಸಿಕ್ಕಮೇಲೂ ಆ ಮನೆತನದ ಹಿರಿಯನ ಉಯಿಲು ತೆಗೆಸಿ. ಹೆಣ್ಣುಮಕ್ಕಳನ್ನು ಗಂಡನ ಮನೆಯ ಹೆಸರಿನಿಂದಲೇ ನಮೂದಿಸಿದ್ದರೆ ನಂಟು ಅಲ್ಲಿಗೆ ಖಚಿತ.